ಕೈಗೆಟುಕುವ ಸೇಫ್ಟಿ ರೇಜರ್: ಹಿಡಿಯನ್ನು ಬಿಡಿ, ತಲೆಯನ್ನು ನೋಡಿ

ಸೇಫ್ಟಿ ರೇಜರೊಂದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟರೆ ಸಾಮಾನ್ಯವಾಗಿ ಮೂರೇ ತುಂಡುಗಳು ಕಾಣುತ್ತವೆ: ಬೆನ್ನು ಬಾಗಿದ ಒಂದು ಮುಚ್ಚಳ, ಅದರ ಕೆಳಗೆ ಕೂರುವ ಒಂದು ತಳತಟ್ಟೆ, ಎರಡನ್ನೂ ಸೇರಿಸಿ ಬಿಗಿಯುವ ಒಂದು ಹಿಡಿ. ಮುಚ್ಚಳ ಮತ್ತು ತಟ್ಟೆಯ ನಡುವೆ ಕೂರುವ ಬ್ಲೇಡಿನ ದಪ್ಪ ಕೇವಲ 0.1 ಮಿ.ಮೀ.; ಬೆರಳುಗಳ ನಡುವೆ ಹಿಡಿದರೆ ಬಳುಕುವಷ್ಟು ತೆಳು. ಈ ಬಳುಕುವ ಉಕ್ಕಿನ ಹಾಳೆಯನ್ನು ಬಾಗಿಸಿ, ಅಲುಗಾಡದಂತೆ ಹಿಡಿದು, ಅದರ ಅಲಗು ಚರ್ಮಕ್ಕೆ ಎಷ್ಟು ತಾಗಬೇಕೋ ಅಷ್ಟೇ ತಾಗುವಂತೆ ನೋಡಿಕೊಳ್ಳುವುದಕ್ಕಿಂತ ಹೆಚ್ಚಿನ ಕೆಲಸ ರೇಜರಿಗೆ ಇಲ್ಲ. ಆದ್ದರಿಂದ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ರೇಜರ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಅದರ ತಲೆಯನ್ನು, ಅಂದರೆ ಮುಚ್ಚಳ ಮತ್ತು ತಟ್ಟೆಯ ಜೋಡಿಯನ್ನು. ತಲೆ ಸರಿಯಿದ್ದರೆ ಹಿಡಿಯ ಕೊರತೆಯನ್ನು ಸಹಿಸಿಕೊಳ್ಳಬಹುದು. ತಲೆಯೇ ಸೊಟ್ಟಗಿದ್ದರೆ ಹಿಡಿಯ ಮೇಲಿನ ಕೆತ್ತನೆ, ಮೆರುಗು, ಭಾರ ಎಲ್ಲವೂ ಮೂಗಿಗಿಂತ ಮೂಗುತಿ ಭಾರವಾದ ಹಾಗೆ.

ಇಂಥ ಸಾಧನ ಕಡಿಮೆ ಬೆಲೆಗೆ ಸಿಗುವುದರ ಹಿಂದೆ ಒಂದು ಸಣ್ಣ ಚರಿತ್ರೆಯಿದೆ. ಚರ್ಮಕ್ಕೂ ಅಲಗಿಗೂ ನಡುವೆ ತಡೆಯೊಂದನ್ನು ಇಟ್ಟ ರೇಜರಿಗೆ ನ್ಯೂಯಾರ್ಕಿನ ಕ್ಯಾಂಫೆ ಸಹೋದರರು 1880ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಆದರೆ ಅದರ ಬ್ಲೇಡ್ ಕ್ಷೌರದ ಕತ್ತಿಯ ತುಂಡಿನಂತೆ ದಪ್ಪವಾಗಿದ್ದು, ಆಗಾಗ ಮಸೆಯಬೇಕಾಗುತ್ತಿತ್ತು. ಮಸೆಯುವ ಗೋಜೇ ಬೇಡ, ಮೊಂಡಾದರೆ ಎಸೆದುಬಿಡೋಣ ಎಂಬ ಯೋಚನೆಯನ್ನು ಹಿಡಿದು ಹೊರಟವರು ಕಿಂಗ್ ಕ್ಯಾಂಪ್ ಜಿಲೆಟ್. ತೆಳುವಾದ ಉಕ್ಕಿನ ಹಾಳೆಯನ್ನು ಹದಗೊಳಿಸಿ ಅಲಗು ಮೂಡಿಸುವ ಕಷ್ಟದ ಕೆಲಸವನ್ನು ಸಾಧಿಸಿಕೊಟ್ಟವರು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1903ರಲ್ಲಿ, ಮಾರಾಟದ ಮೊದಲ ವರ್ಷ, ಜಿಲೆಟ್ ಅವರ ಕಂಪನಿ ಮಾರಿದ್ದು 51 ರೇಜರ್ ಮತ್ತು 168 ಬ್ಲೇಡ್ ಮಾತ್ರ. ಪೇಟೆಂಟ್ ಕೈಸೇರಿದ್ದು 1904ರ ನವೆಂಬರಿನಲ್ಲಿ. ರೇಜರನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡುವ ಉಪಾಯಕ್ಕೆ ಇವರ ಹೆಸರನ್ನೇ ಉದಾಹರಣೆಯಾಗಿ ಹೇಳುವುದು ರೂಢಿ. ನಿಜವೆಂದರೆ ಪೇಟೆಂಟ್ ಜೀವಂತವಿದ್ದಷ್ಟು ಕಾಲ ಆ ರೇಜರ್ ದುಬಾರಿಯಾಗಿಯೇ ಇತ್ತು, ಬೆಲೆ ಇಳಿದದ್ದು 1921ರಲ್ಲಿ ಪೇಟೆಂಟಿನ ಅವಧಿ ಮುಗಿಯುವ ಹೊತ್ತಿಗೆ. ಬ್ಲೇಡಿನ ನಡುವಿನ ಕಿಂಡಿಯ ಇಂದಿನ ಆಕಾರ 1930ರ ಸುಮಾರಿಗೆ ನೆಲೆನಿಂತಿತು. ಅಲ್ಲಿಂದೀಚೆಗೆ ಯಾರು ಬೇಕಾದರೂ ಈ ರೇಜರನ್ನು ತಯಾರಿಸಬಹುದು, ಯಾವ ಕಂಪನಿಯ ಬ್ಲೇಡು ಬೇಕಾದರೂ ಯಾವ ಕಂಪನಿಯ ರೇಜರಿನಲ್ಲಿ ಬೇಕಾದರೂ ಕೂರುತ್ತದೆ. ಅಲಗುಗಳನ್ನು ಕೂರಿಸಿದ ತಲೆಯನ್ನೇ ಬದಲಿಸುವ ಕಾರ್ಟ್ರಿಜ್ ರೇಜರ್ ಕೊಂಡವರು ಅದೇ ಕಂಪನಿಯ ಕಾರ್ಟ್ರಿಜ್‌ಗೆ ಕಟ್ಟುಬೀಳುವಂತೆ ಇಲ್ಲಿ ಯಾರೂ ಯಾರಿಗೂ ಕಟ್ಟುಬೀಳುವುದಿಲ್ಲ.

ಈಗ ತಲೆಯ ಲೆಕ್ಕಾಚಾರಕ್ಕೆ ಬರೋಣ. ಮುಖದ ಮೇಲೆ ರೇಜರ್ ಓಡುವಾಗ ಚರ್ಮಕ್ಕೆ ಮೊದಲು ತಾಗುವುದು ತಳತಟ್ಟೆಯ ಅಂಚು. ಇದನ್ನು ಗಾರ್ಡ್ ಎನ್ನುತ್ತಾರೆ. ಅದರ ಹಿಂದೆಯೇ ಅಲಗು ಬರುತ್ತದೆ, ಅಲಗಿನ ಹಿಂದೆ ಮುಚ್ಚಳದ ಬಾಗಿದ ಬೆನ್ನು. ಗಾರ್ಡ್ ಚರ್ಮವನ್ನು ತುಸು ಎಳೆದು ಚಪ್ಪಟೆ ಮಾಡಿಕೊಡುತ್ತದೆ, ಅಲಗು ಕೂದಲನ್ನು ಕತ್ತರಿಸುತ್ತದೆ, ಮುಚ್ಚಳದ ಬೆನ್ನು ಅಲಗು ಆಳಕ್ಕೆ ಇಳಿಯದಂತೆ ತಡೆಯುತ್ತದೆ. ಈ ಮೂರರ ಸ್ಥಾನ ಒಂದಕ್ಕೊಂದು ಹೇಗಿದೆ ಎಂಬುದರ ಮೇಲೆ ರೇಜರಿನ ಗುಣ ನಿಂತಿದೆ. ಗಾರ್ಡಿಗೂ ಅಲಗಿಗೂ ನಡುವಿನ ಅಂತರವೇ ಸಂದು, ಅಂದರೆ ಬಳಸುವವರು ಬ್ಲೇಡ್ ಗ್ಯಾಪ್ ಎಂದು ಕರೆಯುವುದು. ಗಾರ್ಡಿನ ತುದಿಯನ್ನೂ ಮುಚ್ಚಳದ ತುದಿಯನ್ನೂ ಮುಟ್ಟುವಂತೆ ಒಂದು ನೇರ ಗೆರೆ ಎಳೆದೆವೆಂದು ಊಹಿಸಿಕೊಂಡರೆ, ಅಲಗು ಆ ಗೆರೆಯಿಂದ ಎಷ್ಟು ಹೊರಗೆ ಇಣುಕುತ್ತದೆ ಎಂಬುದು ಹೊರಚಾಚು. ಅಲಗು ಗೆರೆಯ ಒಳಗೇ ಉಳಿದಿದ್ದರೆ ರೇಜರ್ ಸೌಮ್ಯ, ಗೆರೆ ದಾಟಿದ್ದರೆ ಉಗ್ರ.

ರೇಜರ್ ಮಾರುವವರು ಸಾಮಾನ್ಯವಾಗಿ ಸಂದಿನ ಅಳತೆಯನ್ನಷ್ಟೇ ಹೇಳುತ್ತಾರೆ, ಏಕೆಂದರೆ ಅದೊಂದನ್ನು ಅಳೆಯುವುದು ಸುಲಭ. ಸ್ಥೂಲವಾಗಿ ಹೇಳುವುದಾದರೆ 0.5 ಮಿ.ಮೀ. ಆಸುಪಾಸಿನ ಸಂದು ಸೌಮ್ಯವೆಂದೂ, 0.7ರ ಆಸುಪಾಸಿನದು ಮಧ್ಯಮವೆಂದೂ, 1 ಮಿ.ಮೀ. ದಾಟಿದ್ದು ಉಗ್ರವೆಂದೂ ಎಣಿಕೆ. ಆದರೆ ಈ ಅಂಕಿಯೊಂದನ್ನೇ ನಂಬಿ ಕೊಳ್ಳುವುದು ಚಪ್ಪಲಿಯ ಉದ್ದವನ್ನು ಮಾತ್ರ ನೋಡಿ ಅಗಲವನ್ನು ಮರೆತಂತಾಗುತ್ತದೆ. ಸಂದು ದೊಡ್ಡದಿದ್ದೂ ಹೊರಚಾಚು ಇಲ್ಲದ ರೇಜರ್ ಮುಖದ ಮೇಲೆ ಮೆದುವಾಗಿಯೇ ಓಡೀತು. ಸಂದು ಚಿಕ್ಕದಿದ್ದೂ ಅಲಗು ಹೊರಗೆ ಚಾಚಿಕೊಂಡ ರೇಜರ್ ಗಂಟಲಿನ ಬಳಿ ಗೀರೆಳೆದೀತು. ಎರಡಕ್ಕಿಂತಲೂ ಮುಖ್ಯವಾದ ಮೂರನೆಯ ಸಂಗತಿಯೊಂದಿದೆ, ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಮುದ್ರಿಸುವುದಿಲ್ಲ: ಬ್ಲೇಡನ್ನು ತಲೆ ಅಲಗಿನ ಎಷ್ಟು ಹತ್ತಿರದವರೆಗೆ ಒತ್ತಿ ಹಿಡಿದಿದೆ ಎಂಬುದು. ಹಿಡಿತ ಅಲಗಿನಿಂದ ದೂರದಲ್ಲೇ ನಿಂತುಬಿಟ್ಟರೆ ಅಲ್ಲಿಂದಾಚೆಗಿನ ತೆಳು ಉಕ್ಕಿಗೆ ಆಸರೆಯಿರುವುದಿಲ್ಲ. ಗದ್ದದ ಗಡುಸು ಕೂದಲು ಎದುರಾದಾಗ ಅಲಗು ಹಿಂದಕ್ಕೆ ಬಾಗಿ, ಕೂದಲು ತುಂಡಾದೊಡನೆ ಮುಂದಕ್ಕೆ ಚಿಮ್ಮುತ್ತದೆ. ಹೀಗೆ ಕ್ಷಣಕ್ಕೆ ಹಲವು ಸಲ ಅದುರುವ ಅಲಗಿನಿಂದಾಗಿಯೇ ಅನೇಕರಿಗೆ ಕ್ಷೌರದ ನಂತರ ಉರಿ ಬರುತ್ತದೆ. ಬ್ಲೇಡನ್ನು ಚೆನ್ನಾಗಿ ಬಾಗಿಸುವ ಮುಚ್ಚಳ ಈ ತೊಂದರೆಯನ್ನು ಬಹಳಷ್ಟು ತಗ್ಗಿಸುತ್ತದೆ. ಚಪ್ಪಟೆಯಾಗಿ ಹಿಡಿದ ಕಾಗದ ಜೋತುಬೀಳುತ್ತದೆ, ಅದನ್ನೇ ಉದ್ದಕ್ಕೆ ಸ್ವಲ್ಪ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಬ್ಲೇಡಿನ ಗುಟ್ಟೂ ಅಷ್ಟೇ.

ಇದನ್ನೆಲ್ಲ ಪ್ರಯೋಗಶಾಲೆಯಿಲ್ಲದೆ ಮನೆಯಲ್ಲೇ ಪರೀಕ್ಷಿಸಬಹುದು. ಹೊಸ ರೇಜರಿಗೆ ಬ್ಲೇಡ್ ಹಾಕಿ ಬಿಗಿದ ಮೇಲೆ, ತಲೆಯ ಮೇಲ್ಭಾಗ ಕಣ್ಣಿಗೆ ನೇರವಾಗಿರುವಂತೆ ಹಿಡಿದು ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಮುಚ್ಚಳದ ಎರಡೂ ಬದಿಗಳಲ್ಲಿ ಅಲಗು ತೆಳ್ಳನೆಯ ಬೆಳ್ಳಿಗೆರೆಯಂತೆ ಹೊರಗೆ ಕಾಣುತ್ತದೆ. ಆ ಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲವಿದೆಯೇ, ಎಡಗಡೆಯ ಗೆರೆಯೂ ಬಲಗಡೆಯ ಗೆರೆಯೂ ಸಮವಾಗಿವೆಯೇ ಎಂಬುದನ್ನು ಗಮನಿಸಬೇಕು. ಒಂದು ಮೂಲೆಯಲ್ಲಿ ಗೆರೆ ಅಗಲವಾಗಿ, ಅದರ ಎದುರು ಮೂಲೆಯಲ್ಲಿ ಮಾಯವಾಗಿದ್ದರೆ ಬ್ಲೇಡ್ ಸೊಟ್ಟಗೆ ಕುಳಿತಿದೆ ಎಂದರ್ಥ. ಆಗ ಹಿಡಿಯನ್ನು ಸಡಿಲಿಸಿ, ತಲೆಯನ್ನು ಕೆಳಮುಖ ಮಾಡಿ, ಬ್ಲೇಡಿನ ಹರಿತವಿಲ್ಲದ ಎರಡು ಕಿರಿಬದಿಗಳಲ್ಲಿ ಬೆರಳಿಟ್ಟು ಒತ್ತಿ ಹಿಡಿದೇ ಮತ್ತೆ ಬಿಗಿಯಬೇಕು. ಮೂರು ನಾಲ್ಕು ಸಲ ಹೀಗೆ ಮಾಡಿ, ಬ್ಲೇಡನ್ನೂ ಬದಲಿಸಿ ನೋಡಿದ ಮೇಲೂ ಸೊಟ್ಟ ಹೋಗದಿದ್ದರೆ ತಪ್ಪು ಎರಕದಲ್ಲೇ ಇದೆ. ಅಂಥ ರೇಜರನ್ನು ಹಿಂದಿರುಗಿಸುವುದೇ ಸರಿ, ಮುಖದ ಮೇಲೆ ಪ್ರಯೋಗ ಬೇಡ. ಹಿಡಿತವನ್ನು ನೋಡಲು ಬೆಂಕಿಕಡ್ಡಿಯ ತುದಿಯಿಂದ ಅಲಗಿನ ಒಂದು ಮೂಲೆಯನ್ನು ಕೆಳಗಿನಿಂದ ಮೆಲ್ಲಗೆ ಒತ್ತಬಹುದು. ಅಲಗು ಕದಲದೆ ನಿಂತರೆ ಸರಿ, ಹಲಗೆ ಸಡಿಲಾದ ಕಿಟಕಿಯಂತೆ ಎದ್ದು ಬಂದರೆ ಸರಿಯಿಲ್ಲ. ಬೆರಳಿನಿಂದ ಈ ಪರೀಕ್ಷೆ ಮಾಡಬಾರದು ಎಂದು ಬೇರೆ ಹೇಳಬೇಕಾಗಿಲ್ಲವಾದರೂ, ಒಮ್ಮೆ ಮಾಡಿ ಪಾಠ ಕಲಿತವನಾದ್ದರಿಂದ ಹೇಳುತ್ತಿದ್ದೇನೆ.

ಅಗ್ಗದ ರೇಜರುಗಳ ಲೋಹದ ವಿಚಾರ ಇಷ್ಟೇ ಮುಖ್ಯವಾದುದು. ಇವುಗಳಲ್ಲಿ ಹೆಚ್ಚಿನವುಗಳ ತಲೆಯನ್ನು ಜಮಾಕ್ ಎಂಬ ಮಿಶ್ರಲೋಹದಿಂದ ಎರಕ ಹೊಯ್ಯುತ್ತಾರೆ. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಎಂಬ ನಾಲ್ಕು ಲೋಹಗಳ ಜರ್ಮನ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರು ಹುಟ್ಟಿತು. ಇದರಲ್ಲಿ ಸತುವಿನದೇ ಸಿಂಹಪಾಲು. ಅಲ್ಯೂಮಿನಿಯಂ ಸುಮಾರು ಶೇ. 4ರಷ್ಟು, ಉಳಿದವು ಇನ್ನೂ ಕಡಿಮೆ. 400 ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ ಕಾವಿನಲ್ಲಿ ಕರಗಿ, ಅಚ್ಚಿನ ಮೂಲೆಮೂಲೆಗೂ ಹರಿದು ತುಂಬಿಕೊಳ್ಳುವುದರಿಂದ ಒಂದೇ ಅಚ್ಚಿನಲ್ಲಿ ಲೆಕ್ಕವಿಲ್ಲದಷ್ಟು ತಲೆಗಳನ್ನು ನುಣುಪಾಗಿ ತೆಗೆಯಬಹುದು. ಹಿತ್ತಾಳೆ ಕರಗಬೇಕಾದರೆ 900 ಡಿಗ್ರಿ ಬೇಕು. ಸ್ಟೇನ್‌ಲೆಸ್ ಉಕ್ಕಿನ ತಲೆಯನ್ನು ಹೆಚ್ಚಾಗಿ ಗಟ್ಟಿ ಸರಳಿನಿಂದ ಯಂತ್ರದಲ್ಲಿ ಕಡೆದು ತೆಗೆಯುತ್ತಾರೆ, ಅದಕ್ಕೆ ಹಿಡಿಯುವ ಹೊತ್ತೇ ಬೆಲೆಯನ್ನು ಹಲವು ಪಟ್ಟು ಏರಿಸುತ್ತದೆ. ಜಮಾಕ್ ಎಂದರೆ ಕಳಪೆ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತನ್ನು ಅರ್ಧದಷ್ಟು ಮಾತ್ರ ಒಪ್ಪಬಹುದು: ಹೆಸರುವಾಸಿಯಾದ ಅನೇಕ ರೇಜರುಗಳ ತಲೆಯೂ ಇದೇ ಲೋಹದ್ದು, ಮತ್ತು ಅಲಗನ್ನು ಹಿಡಿಯುವ ಕೆಲಸದಲ್ಲಿ ಅದು ಉಕ್ಕಿಗೆ ಏನೂ ಕಡಿಮೆಯಿಲ್ಲ.

ಅದರ ನಿಜವಾದ ದೌರ್ಬಲ್ಯ ಎರಡು ಕಡೆ ಇದೆ. ಮೊದಲನೆಯದು ಮೇಲಿನ ಲೇಪ. ಸತು ನೀರಿಗೂ ಸೋಪಿಗೂ ಬೇಗ ಸೋಲುವ ಲೋಹವಾದ್ದರಿಂದ ಅದರ ಮೇಲೆ ತಾಮ್ರ, ನಿಕ್ಕಲ್, ಕ್ರೋಮಿಯಂ ಎಂದು ಪದರ ಪದರವಾಗಿ ಲೇಪ ಕೊಡುತ್ತಾರೆ. ಲೇಪ ಗಟ್ಟಿಯಾಗಿರುವವರೆಗೆ ಚಿಂತೆಯಿಲ್ಲ. ಎಲ್ಲಾದರೂ ಸೂಜಿಮೊನೆಯಷ್ಟು ಬಿಟ್ಟುಕೊಂಡರೂ ಸಾಕು, ನೀರು ಒಳಹೊಕ್ಕು ಸತುವನ್ನು ತಿನ್ನತೊಡಗುತ್ತದೆ, ಮೇಲೆ ಗುಳ್ಳೆಯೆದ್ದು ಬಿಳಿಪುಡಿ ಕಾಣಿಸಿಕೊಳ್ಳುತ್ತದೆ. ಎರಡನೆಯದು ಮುಚ್ಚಳದ ನಡುವಿನಿಂದ ಇಳಿದು ಹಿಡಿಯೊಳಗೆ ತಿರುಗಿಕೊಳ್ಳುವ ತಿರುಪಿನ ಕಂಬ. ಲೇಪ ತೆಳುವಾಗಿರುವುದೂ, ತಿಕ್ಕಾಟ ಹೆಚ್ಚಾಗಿರುವುದೂ, ಒತ್ತಡವೆಲ್ಲ ಬೀಳುವುದೂ ಅಲ್ಲಿಯೇ. ನಾನು ಕೊಂಡ ಮೊದಲ ಅಗ್ಗದ ರೇಜರ್ ಹೀಗೇ ಕೊನೆಗೊಂಡಿತು. ಎರಡನೇ ವರ್ಷದ ಒಂದು ಬೆಳಿಗ್ಗೆ ಬಿಗಿಯುತ್ತಿದ್ದಾಗ ಕಟ್ ಎಂದು ಸದ್ದಾಗಿ, ಕಂಬ ಹಿಡಿಯೊಳಗೇ ಉಳಿದು ಮುಚ್ಚಳ ಬೇಸಿನ್ನಿಗೆ ಬಿತ್ತು. ಮುರಿದ ಜಾಗವನ್ನು ನೋಡಿದರೆ ಒಳಗೆಲ್ಲ ಬೂದುಬಣ್ಣದ ಹರಳುಹರಳಾದ ಲೋಹ, ಅದರ ಒಂದು ಬದಿಯಲ್ಲಿ ಕಪ್ಪಾದ ಹಳೆಯ ಬಿರುಕು. ತಪ್ಪು ಲೋಹದ್ದಷ್ಟೇ ಅಲ್ಲ, ನನ್ನದೂ ಹೌದು. ಬ್ಲೇಡ್ ಸಡಿಲಾದೀತೆಂಬ ಹೆದರಿಕೆಯಿಂದ ದಿನವೂ ಇಕ್ಕಳದಂತೆ ಬಿಗಿಯುತ್ತಿದ್ದೆ. ಬೆರಳ ತುದಿಗಳಿಂದ ತಿರುಗಿಸಿ, ಅದು ನಿಂತ ಮೇಲೆ ಇನ್ನೊಂದು ಚೂರು ಒತ್ತುಕೊಟ್ಟರೆ ಬ್ಲೇಡ್ ಎಲ್ಲಿಗೂ ಹೋಗುವುದಿಲ್ಲ. ಕಂಬವನ್ನು ಮಾತ್ರ ಹಿತ್ತಾಳೆ ಅಥವಾ ಉಕ್ಕಿನಲ್ಲಿ ಮಾಡಿ ಎರಕದಲ್ಲಿ ಕೂರಿಸಿದ ಮಾದರಿ ಸಿಕ್ಕಿದರೆ ಬೆಲೆ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳುವುದು ಜಾಣತನ.

ಅಲ್ಯೂಮಿನಿಯಂ ರೇಜರುಗಳೂ ಕಡಿಮೆ ಬೆಲೆಗೆ ಸಿಗುತ್ತವೆ. ಹಿತ್ತಾಳೆಯ ಮೂರನೇ ಒಂದರಷ್ಟು ಮಾತ್ರ ತೂಗುವ ಈ ಲೋಹ ತುಕ್ಕಿಗೆ ಅಂಜುವುದಿಲ್ಲ, ಆದರೆ ಮೆದುವಾದ್ದರಿಂದ ತಿರುಪಿನ ಎಳೆಗಳು ಬೇಗ ಸವೆಯುತ್ತವೆ. ಪ್ಲಾಸ್ಟಿಕ್ ಹಿಡಿಯ, ಹಗುರಾದ ರೇಜರುಗಳನ್ನು ಕಂಡರೆ ಅನೇಕರಿಗೆ ಅಸಡ್ಡೆ. ತಲೆಯ ಎರಕ ನೆಟ್ಟಗಿದ್ದರೆ, ಹೊಸದಾಗಿ ಕಲಿಯುವವರಿಗೆ ಇಂಥ ರೇಜರ್ ಒಂದು ಲೆಕ್ಕದಲ್ಲಿ ಒಳ್ಳೆಯದೇ. ತನ್ನ ತೂಕದಿಂದ ಅದು ಚರ್ಮವನ್ನು ಒತ್ತುವುದಿಲ್ಲ.

ತೆರೆದುಕೊಳ್ಳುವ ರೀತಿಯಲ್ಲಿ ಮೂರು ಬಗೆಗಳಿವೆ. ಮೊದಲೇ ಹೇಳಿದ ಮೂರು ತುಂಡಿನದು ಒಂದು; ತಟ್ಟೆ ಹಿಡಿಗೇ ಅಂಟಿಕೊಂಡಿದ್ದು, ಹಿಡಿಯ ಬುಡದ ಗುಂಡಿ ತಿರುಗಿಸಿದರೆ ಮುಚ್ಚಳ ಕಳಚಿ ಬರುವ ಎರಡು ತುಂಡಿನದು ಇನ್ನೊಂದು; ಬುಡದ ಗುಂಡಿ ತಿರುಗಿಸಿದಾಗ ತಲೆಯೇ ಎರಡು ಬಾಗಿಲುಗಳಾಗಿ ಚಿಟ್ಟೆಯ ರೆಕ್ಕೆಯಂತೆ ತೆರೆದುಕೊಳ್ಳುವುದು ಮೂರನೆಯದು. ಮೊದಲ ಸಲ ನೋಡಿದವರು ಮೆಚ್ಚುವುದು ಸಾಮಾನ್ಯವಾಗಿ ಈ ಚಿಟ್ಟೆ ರೇಜರನ್ನೇ. ತುಂಡುಗಳನ್ನು ಬಿಡಿಸಿ ಜೋಡಿಸುವ ರಗಳೆಯಿಲ್ಲದ್ದರಿಂದ ಕೈ ನಡುಗುವವರಿಗೆ, ಬೆರಳಿನ ಗಂಟು ನೋಯುವವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಕಡಿಮೆ ಬೆಲೆಯಲ್ಲಿ ಕೊಳ್ಳುವವರು ಒಂದು ಸಂಗತಿಯನ್ನು ನೆನಪಿಡಬೇಕು. ಮೂರು ತುಂಡಿನ ರೇಜರಿನಲ್ಲಿ ನಿಖರವಾಗಿರಬೇಕಾದ ಜಾಗಗಳು ಎರಡೇ, ಮುಚ್ಚಳದ ಒಳಮೈ ಮತ್ತು ತಟ್ಟೆಯ ಮೇಲ್ಮೈ. ಚಿಟ್ಟೆ ರೇಜರಿನಲ್ಲಿ ಎರಡು ಬಾಗಿಲು, ಅವುಗಳ ಕೀಲು, ಎತ್ತಿ ಇಳಿಸುವ ಒಳಸರಳು ಎಲ್ಲವೂ ಸರಿಹೊಂದಬೇಕು. ಉಳಿತಾಯಕ್ಕಾಗಿ ತಯಾರಕರು ಎಲ್ಲೇ ಕೈ ಬಿಗಿ ಹಿಡಿದರೂ ಒಂದು ಬಾಗಿಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಎತ್ತರದಲ್ಲಿ ನಿಲ್ಲುತ್ತದೆ, ಆಗ ಒಂದೇ ರೇಜರಿನ ಒಂದು ಬದಿ ಹಸುವಿನಂತೆ, ಇನ್ನೊಂದು ಬದಿ ಹುಲಿಯಂತೆ ವರ್ತಿಸುತ್ತದೆ. ಕೀಲುಸಂದುಗಳಲ್ಲಿ ಸೋಪು ಕಟ್ಟಿಕೊಳ್ಳುವ ಕಿರಿಕಿರಿ ಬೇರೆ. ಒಂದೇ ದುಡ್ಡಿಗೆ ಮೂರು ತುಂಡಿನದೂ ಚಿಟ್ಟೆಯದೂ ಎದುರಿಗಿದ್ದರೆ ಮೂರು ತುಂಡಿನದನ್ನೇ ಆರಿಸುವುದು ಕ್ಷೇಮ. ಸಂದನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದಾದ ಅಗ್ಗದ ರೇಜರುಗಳಿಗೂ ಇದೇ ಮಾತು ಇನ್ನಷ್ಟು ಬಲವಾಗಿ ಸಲ್ಲುತ್ತದೆ.

ಗಾರ್ಡಿನ ಆಕಾರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅಂಚು ನೇರ ಪಟ್ಟಿಯಂತಿರಲಿ, ಸಣ್ಣ ಅಲೆಗಳಂತಿರಲಿ, ದಿನವೂ ಅಥವಾ ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುವವರಿಗೆ ಅಂಥ ವ್ಯತ್ಯಾಸವೇನೂ ತಿಳಿಯುವುದಿಲ್ಲ. ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾದ ಗಾರ್ಡಿರುವ ರೇಜರ್ ವಾರಗಟ್ಟಲೆ ಬೆಳೆದ ಗಡ್ಡಕ್ಕೆ ಅನುಕೂಲ, ಏಕೆಂದರೆ ಉದ್ದ ಕೂದಲೂ ದಪ್ಪ ನೊರೆಯೂ ಹಲ್ಲುಗಳ ನಡುವೆ ಹಾದು ಅಲಗನ್ನು ತಲುಪುತ್ತವೆ. ಬ್ಲೇಡನ್ನು ತಿರುಚಿ ಓರೆಯಾಗಿ ಹಿಡಿಯುವ ಸ್ಲಾಂಟ್ ರೇಜರ್ ಗಡುಸು ಗಡ್ಡವನ್ನು ಸುಲಭವಾಗಿ ಸೀಳುತ್ತದೆಯಾದರೂ ಅದು ಕೈ ಪಳಗಿದ ಮೇಲಿನ ಮಾತು.

ಹಿಡಿಯ ವಿಷಯದಲ್ಲಿ ನೋಡಬೇಕಾದದ್ದು ಒಂದೇ: ಒದ್ದೆಗೈಯಲ್ಲಿ, ಸೋಪು ಹತ್ತಿದ ಬೆರಳಲ್ಲಿ ಅದು ಜಾರಬಾರದು. ನುಣುಪು ಹಿಡಿ ಅಂಗಡಿಯ ಗಾಜಿನೊಳಗೆ ಚೆಂದ, ಬಚ್ಚಲಿನಲ್ಲಿ ಅಪಾಯ. ಉದ್ದ 75ರಿಂದ 100 ಮಿ.ಮೀ. ಒಳಗೆ ಯಾವುದಾದರೂ ನಡೆಯುತ್ತದೆ. ತೂಕಕ್ಕಿಂತಲೂ ತೂಕ ಎಲ್ಲಿ ಕೂತಿದೆ ಎಂಬುದು ಮುಖ್ಯ. ಹಿಡಿಯನ್ನು ಒಂದು ಬೆರಳಿನ ಮೇಲೆ ಅಡ್ಡಲಾಗಿ ನಿಲ್ಲಿಸಿ ನೋಡಿದಾಗ ಸಮತೋಲದ ಜಾಗ ತಲೆಯ ಹತ್ತಿರವಿದ್ದರೆ ರೇಜರ್ ತಾನಾಗಿಯೇ ಕೆಳಗಿಳಿಯುತ್ತದೆ, ಕೈಯಿಂದ ಒತ್ತಬೇಕೆನ್ನಿಸುವುದಿಲ್ಲ. ಮೂರು ತುಂಡಿನ ರೇಜರುಗಳ ತಿರುಪು ಬಹುತೇಕ ಒಂದೇ ಅಳತೆಯದಾದ್ದರಿಂದ, ತಲೆ ಚೆನ್ನಾಗಿದ್ದು ಹಿಡಿ ಹಿಡಿಸದಿದ್ದರೆ ಮುಂದೆ ಹಿಡಿಯೊಂದನ್ನೇ ಬದಲಿಸಿಕೊಳ್ಳಲೂ ಬಹುದು.

ಹೆಸರು ಹಿಡಿದು ಹೇಳಬೇಕೆಂದರೆ, ಹೋಲಿಸಿ ನೋಡಲು ಕೆಲವು ಮಾದರಿಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಜರ್ಮನಿಯ ಜೋಲಿಂಗೆನ್‌ನಲ್ಲಿ ತಯಾರಾಗುವ ಮರ್ಕೂರ್ 34ಸಿ ಎರಡು ತುಂಡಿನದು, ಗಿಡ್ಡ ಹಿಡಿ, ಕೈಯಲ್ಲಿ ತೂಕವಾಗಿ ಕೂರುತ್ತದೆ, ಸ್ವಭಾವ ಸೌಮ್ಯ. ಇಂಗ್ಲೆಂಡಿನ ಶೆಫೀಲ್ಡಿನ ಎಡ್ವಿನ್ ಜ್ಯಾಗರ್ ಡಿಇ89 ಮತ್ತು ಜರ್ಮನಿಯ ಮ್ಯೂಲೆ ಆರ್89 ಎರಡರ ತಲೆಯೂ ಹೆಚ್ಚುಕಡಿಮೆ ಒಂದೇ. ಮೂರು ತುಂಡು, ಸೌಮ್ಯ ಮತ್ತು ಮಧ್ಯಮದ ನಡುವಿನ ಹದ. ಅದೇ ಮ್ಯೂಲೆಯ ಆರ್41 ಹೊರನೋಟಕ್ಕೆ ದಾಯಾದಿಯಂತೆ ಕಂಡರೂ ಗುಣದಲ್ಲಿ ಬೇರೆಯೇ, ಬಹಳ ಉಗ್ರ. ಹಿಡಿ ಒಂದೇ ತೆರನಾಗಿದೆಯೆಂದು ಅರಿಯದೆ ಅದನ್ನು ಕೊಂಡು ಮೊದಲ ದಿನವೇ ಗದ್ದ ಗೀರಿಕೊಂಡವರುಂಟು. ಇವೆಲ್ಲ ಬೆಲೆಯಲ್ಲಿ ನಡುಮಟ್ಟದವು. ಇವುಗಳಿಗಿಂತ ಅಗ್ಗವಾದ ರೇಜರುಗಳಲ್ಲಿ ಬಹುಪಾಲಿನವು ಇಂಥ ಯಾವುದಾದರೊಂದು ತಲೆಯನ್ನು ನೋಡಿ ಮಾಡಿದ ನಕಲು. ನಕಲು ಎಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ, ಆಕಾರವನ್ನು ನಕಲು ಮಾಡುವುದು ಸುಲಭ. ಒಂದು ಸಾವಿರ ತಲೆಗಳೂ ಒಂದೇ ಅಳತೆಗೆ ಬರುವಂತೆ ನೋಡಿಕೊಂಡು, ತಪ್ಪಿದ್ದನ್ನು ಹೆಕ್ಕಿ ಎಸೆಯುವುದಕ್ಕೆ ಮಾತ್ರ ದುಡ್ಡು ಬೇಕು. ಬೆಲೆ ಇಳಿದಂತೆಲ್ಲ ಆ ಹೆಕ್ಕುವ ಕೆಲಸ ಕೊಳ್ಳುವವರ ಪಾಲಿಗೆ ಬರುತ್ತದೆ. ಅಗ್ಗದ ರೇಜರ್ ಕೊಳ್ಳುವಾಗ ಹಿಂದಿರುಗಿಸುವ ಅವಕಾಶವಿರುವ ಕಡೆಯಲ್ಲೇ ಕೊಳ್ಳಬೇಕು ಎನ್ನುವುದು ಇದಕ್ಕೇ.

ಇನ್ನೊಂದು ದಾರಿ ಹಳೆಯ ರೇಜರುಗಳದು. ಕಳೆದ ಶತಮಾನದ ನಡುಭಾಗದಲ್ಲಿ ಹಿತ್ತಾಳೆಯಲ್ಲಿ ತಯಾರಾದ ಅನೇಕ ರೇಜರುಗಳು ಇಂದಿಗೂ ಕೆಲಸ ಮಾಡುತ್ತವೆ, ಮತ್ತು ಹೊಸ ಜಮಾಕ್ ರೇಜರಿನ ಬೆಲೆಗೆ ಹಲವು ಸಲ ಸಿಕ್ಕಿಬಿಡುತ್ತವೆ. ಕೊಳ್ಳುವ ಮೊದಲು ತಟ್ಟೆಯ ಅಂಚು ಬಾಗಿದೆಯೇ, ಹಲ್ಲುಗಳಿದ್ದರೆ ಎಲ್ಲವೂ ಒಂದೇ ಸಾಲಿನಲ್ಲಿವೆಯೇ, ಟೊಳ್ಳು ಹಿಡಿಯಾದರೆ ತಲೆ ಸೇರುವ ಕಡೆ ಉದ್ದುದ್ದಕ್ಕೆ ಬಿರುಕಿದೆಯೇ, ಚಿಟ್ಟೆ ಬಾಗಿಲುಗಳು ಮುಚ್ಚಿದಾಗ ಸಮವಾಗಿ ಕೂರುತ್ತವೆಯೇ ಎಂದು ನೋಡಬೇಕು. 1950ರ ದಶಕದಿಂದೀಚಿನ ಅಮೆರಿಕದ ಜಿಲೆಟ್ ರೇಜರುಗಳ ತಲೆಯ ಅಡಿಯಲ್ಲಿ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಅಕ್ಷರ ತಯಾರಾದ ವರ್ಷವನ್ನೂ, ಅಂಕಿ ಆ ವರ್ಷದ ಯಾವ ಮೂರು ತಿಂಗಳು ಎಂಬುದನ್ನೂ ಸೂಚಿಸುತ್ತದೆ. ಕಿಲುಬು ಮತ್ತು ಹಳೆಯ ಸೋಪನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದಲೇ ತೆಗೆಯಬೇಕು. ಹುಳಿ, ಬ್ಲೀಚು ಹಾಕಿ ತಿಕ್ಕಿದರೆ ನಿಕ್ಕಲ್ ಲೇಪಕ್ಕೆ ಕುತ್ತು.

ಎಷ್ಟೇ ಒಳ್ಳೆಯ ತಲೆಯಾದರೂ ಕೊಯ್ಯುವುದು ಬ್ಲೇಡು. ಮುಖದ ಕೂದಲಿಗಿಂತ ಬ್ಲೇಡಿನ ಉಕ್ಕು ಸುಮಾರು 50 ಪಟ್ಟು ಗಡುಸು. ಹಾಗಿದ್ದೂ ಅದು ಮೊಂಡಾಗುವುದು ಹೇಗೆಂದು ಅಮೆರಿಕದ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಲಗು ಮೆಲ್ಲಗೆ ಸವೆದು ದುಂಡಗಾಗುತ್ತದೆ ಎಂಬುದು ಎಲ್ಲರ ಊಹೆ. ಅವರಿಗೆ ಕಂಡದ್ದು ಅಲ್ಲಲ್ಲಿ ಚಕ್ಕೆ ಎದ್ದ ಅಲಗು. ಕೂದಲು ನೆಟ್ಟಗೆ ನಿಲ್ಲದೆ ಬಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಜಾಗದಲ್ಲಿ ಅಂಚು ಬಿರಿಯುತ್ತದೆ. ಒಣಗಡ್ಡಕ್ಕೆ ಬ್ಲೇಡ್ ಹಾಕಬಾರದು ಎಂಬ ಹಳೆಯ ಬುದ್ಧಿಮಾತಿನ ಕಾರಣ ಇನ್ನೂ ಸರಳ: ನೀರು ಕುಡಿದು ಉಬ್ಬಿದ ಕೂದಲನ್ನು ಕತ್ತರಿಸಲು ಒಣಕೂದಲಿಗಿಂತ ಬಹಳ ಕಡಿಮೆ ಬಲ ಸಾಕು. ಎರಡು ಮೂರು ನಿಮಿಷ ಬಿಸಿನೀರು, ಆಮೇಲೆ ಬ್ರಷ್ಷಿನಲ್ಲಿ ತಿರುವಿದ ಗಟ್ಟಿ ನೊರೆ ಇಷ್ಟಾದರೆ ಸಾಧಾರಣ ರೇಜರೂ ಚೆನ್ನಾಗಿ ನಡೆಯುತ್ತದೆ.

ಒಂದೊಂದು ಕಂಪನಿಯ ಬ್ಲೇಡಿನ ಅಲಗನ್ನು ಒಂದೊಂದು ಬಗೆಯಲ್ಲಿ ಮಸೆದು, ಒಂದೊಂದು ಲೇಪ ಕೊಟ್ಟಿರುತ್ತಾರೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಒಂದೇ ಬ್ಲೇಡಿನ ದೊಡ್ಡ ಕಟ್ಟನ್ನು ಮೊದಲೇ ಕೊಳ್ಳದೆ, ನಾಲ್ಕೈದು ಬಗೆಯದನ್ನು ಸ್ವಲ್ಪ ಸ್ವಲ್ಪ ತಂದು, ಒಂದೇ ರೇಜರಿನಲ್ಲಿ ಒಂದೊಂದಕ್ಕೂ ಒಂದು ವಾರ ಕೊಟ್ಟು ನೋಡುವುದು ಉತ್ತಮ. ಬ್ಲೇಡನ್ನೂ ರೇಜರನ್ನೂ ಒಟ್ಟಿಗೇ ಬದಲಿಸಿದರೆ ಯಾವುದು ಕೈಕೊಟ್ಟಿತೆಂದು ತಿಳಿಯುವುದಿಲ್ಲ. ಬ್ಲೇಡೊಂದು ನಾಲ್ಕೈದು ಕ್ಷೌರಕ್ಕೆ ಬರುತ್ತದೆಂದು ಹಿಡಿದರೆ ದಿನವೂ ಕ್ಷೌರ ಮಾಡಿಕೊಳ್ಳುವವರಿಗೆ ವರ್ಷಕ್ಕೆ 73ರಿಂದ 91 ಬ್ಲೇಡ್ ಬೇಕು. ರೇಜರಿಗೆ ಕೊಡುವುದು ಒಂದೇ ಸಲ, ಬ್ಲೇಡಿಗೆ ಕೊಡುತ್ತಲೇ ಇರಬೇಕು. ಅಗ್ಗವೋ ದುಬಾರಿಯೋ ಎಂಬುದನ್ನು ಈ ಲೆಕ್ಕ ಸೇರಿಸಿಯೇ ಹೇಳಬೇಕು.

ಹೊಸ ರೇಜರನ್ನು ದೂರುವ ಮೊದಲು ಕೈಯ ಮೇಲೂ ಒಂದು ಕಣ್ಣಿರಬೇಕು. ಕಾರ್ಟ್ರಿಜ್ ರೇಜರಿಗೆ ಒಗ್ಗಿದ ಕೈ ಒತ್ತುವುದನ್ನು ರೂಢಿಸಿಕೊಂಡಿರುತ್ತದೆ, ಏಕೆಂದರೆ ಅದರ ಕತ್ತು ತಾನೇ ತಿರುಗಿ ಕೋನವನ್ನು ಹೊಂದಿಸಿಕೊಳ್ಳುತ್ತದೆ. ಸೇಫ್ಟಿ ರೇಜರಿನ ಕತ್ತು ತಿರುಗುವುದಿಲ್ಲ, ಕೋನ ಕೈಯಲ್ಲೇ ಇದೆ. ಮುಚ್ಚಳದ ಬೆನ್ನನ್ನು ಕೆನ್ನೆಗೆ ಪೂರ್ತಿ ತಾಗಿಸಿ, ಹಿಡಿಯನ್ನು ಮೆಲ್ಲಮೆಲ್ಲನೆ ಕೆಳಗಿಳಿಸುತ್ತ ಬಂದರೆ ಒಂದು ಹಂತದಲ್ಲಿ ಅಲಗು ಕೂದಲನ್ನು ಹಿಡಿಯುವ ಸಣ್ಣ ಸದ್ದು ಕೇಳುತ್ತದೆ. ಅಲ್ಲಿ ಬ್ಲೇಡಿಗೂ ಚರ್ಮಕ್ಕೂ ನಡುವೆ ಹತ್ತಿರಹತ್ತಿರ 30 ಡಿಗ್ರಿ ಕೋನವಿರುತ್ತದೆ. ಅದೇ ಕೋನವನ್ನು ಕಾಯ್ದುಕೊಂಡು, ಕೂದಲು ಬೆಳೆದ ದಿಕ್ಕಿನಲ್ಲೇ, ಬೆರಳೆರಡರ ಅಗಲಕ್ಕಿಂತ ಉದ್ದವಿಲ್ಲದ ಎಳೆತಗಳಲ್ಲಿ ಸಾಗಬೇಕು. ಹತ್ತು ಹದಿನೈದು ದಿನ ಹೀಗೆ ನಡೆದ ಮೇಲೂ ಪ್ರತಿಸಲ ಒಂದೇ ಬದಿಯ ಅಲಗು ಗೀರುತ್ತಿದ್ದರೆ ಆಗ ರೇಜರಿನ ತಲೆಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಬೇಕು.

ಜಮಾಕ್ ರೇಜರ್ ಬಾಳುವುದು ಅದನ್ನು ಹೇಗೆ ಒಣಗಿಸುತ್ತೇವೆ ಎಂಬುದರ ಮೇಲೆ. ಕ್ಷೌರ ಮುಗಿದ ಮೇಲೆ ತೊಳೆದು, ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ನೀರನ್ನು ಕೊಡವಿ, ಗಾಳಿಯಾಡುವ ಕಡೆ ನಿಲ್ಲಿಸಿದರೆ ಕಂಬದ ಸುತ್ತ ತೇವ ನಿಲ್ಲುವುದಿಲ್ಲ. ಬೇಸಿನ್ನಿನ ಅಂಚಿನಲ್ಲಿ ನೀರಿನ ಮಡುವಿನಲ್ಲೇ ಮಲಗಿಸಿ ಹೋಗುವವರ ರೇಜರಿಗೆ ಆಯುಸ್ಸು ಕಡಿಮೆ. ಬ್ಲೇಡಿನ ಅಲಗನ್ನು ಬಟ್ಟೆಯಿಂದ ಒರೆಸಬಾರದು, ಲೇಪ ಕಿತ್ತುಬರುತ್ತದೆ, ಬೆರಳೂ ಹೋಗುತ್ತದೆ. ವಾರಕ್ಕೊಮ್ಮೆ ಬ್ಲೇಡ್ ಬದಲಿಸುವಾಗ ತಲೆಯನ್ನು ಪೂರ್ತಿ ಬಿಚ್ಚಿ ಬ್ರಷ್ಷಿನಿಂದ ಉಜ್ಜಿ, ಕಂಬದ ಎಳೆಗಳ ಮೇಲೆ ಬಿಳಿಪುಡಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳಬಹುದು. ತೆಗೆದ ಬ್ಲೇಡನ್ನು ಕಸದಬುಟ್ಟಿಗೆ ಹಾಗೆಯೇ ಹಾಕದೆ, ಮುಚ್ಚಳದಲ್ಲಿ ಸೀಳುಗಂಡಿ ಕೊರೆದ ಯಾವುದಾದರೂ ತಗಡಿನ ಡಬ್ಬಿಯೊಳಗೆ ಇಳಿಬಿಡಬೇಕು. ಒಂದು ಸಾಧಾರಣ ಡಬ್ಬಿ ತುಂಬಲು ವರ್ಷಗಳೇ ಹಿಡಿಯುತ್ತವೆ, ತುಂಬಿದ ಮೇಲೆ ಸೀಳನ್ನು ಅಂಟುಪಟ್ಟಿಯಿಂದ ಮುಚ್ಚಿ, ಮೇಲೆ ಬ್ಲೇಡ್ ಎಂದು ಬರೆದು ಲೋಹದ ಕಸಕ್ಕೆ ಕೊಡಬಹುದು.